ಪ್ರತಿಕ್ರಿಯೆ: ಅಲೆಕ್ ಗಿನ್ನೆಸ್ ಅವರಿಗೆ ಆಸ್ಕರ್ ಬಂದದ್ದು 1957ರಲ್ಲೋ, 1958ರಲ್ಲೋ?

ಬ್ರಿಟಿಷ್ ನಟ ಅಲೆಕ್ ಗಿನ್ನೆಸ್ ಅವರ ವೃತ್ತಿಜೀವನದ ಪಟ್ಟಿಯನ್ನು ಸಿದ್ಧಪಡಿಸುತ್ತಿರುವ ನೀವು ಅವರಿಗೆ ಆಸ್ಕರ್ ಬಂದ ವರ್ಷ ಯಾವುದೆಂದು ಕೇಳಿದ್ದೀರಿ. ಒಂದು ಮೂಲದಲ್ಲಿ 1957, ಇನ್ನೊಂದರಲ್ಲಿ 1958 ಎಂದು ನಿಮಗೆ ಕಾಣುತ್ತಿರುವುದಕ್ಕೆ ಕಾರಣ, ಬಹುಮಟ್ಟಿಗೆ, ಚಿತ್ರ ತೆರೆಕಂಡ ವರ್ಷ ಮತ್ತು ಪ್ರಶಸ್ತಿ ಸಮಾರಂಭ ನಡೆದ ವರ್ಷಗಳನ್ನು ಬೆರೆಸಿರುವುದೇ ಇರಬೇಕು. ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ 1957ರ ಚಿತ್ರ. ಅದರ ಕರ್ನಲ್ ನಿಕಲ್ಸನ್ ಪಾತ್ರಕ್ಕಾಗಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯನ್ನು ನೀಡಿದ್ದು 1958ರ ಮಾರ್ಚ್‌ನಲ್ಲಿ.

ಆದ್ದರಿಂದ ಮೊದಲು ನಿಮ್ಮ ಪಟ್ಟಿಯಲ್ಲಿ ಕೃತಿಯ ವರ್ಷಕ್ಕೂ ಗೌರವದ ವರ್ಷಕ್ಕೂ ಪ್ರತ್ಯೇಕ ಅಂಕಣಗಳನ್ನು ಮಾಡಿಕೊಳ್ಳಿ. ಆಸ್ಕರ್ ಸಮಾರಂಭ ಹಿಂದಿನ ವರ್ಷದ ಚಿತ್ರಗಳಿಗಾಗಿ ನಡೆಯುವುದರಿಂದ, 1980ರಲ್ಲಿ ದೊರೆತ ಗೌರವ ಆಸ್ಕರ್ ವಿಷಯದಲ್ಲೂ ಇದೇ ಗೊಂದಲ ಎದುರಾಗಬಹುದು. 1959ರ ನೈಟ್ ಪದವಿಗೆ ಈ ತೊಡಕಿಲ್ಲ.

ಅನಂತರ ರಂಗಭೂಮಿಯ ಭಾಗವನ್ನು ಸರಿಪಡಿಸಿ. ನೀವು ವೃತ್ತಿಜೀವನದ ಆರಂಭವನ್ನು 1946 ಎಂದು ಗುರುತಿಸಿರುವುದು ನನಗೆ ಹೆಚ್ಚು ಗಂಭೀರವಾದ ಕೊರತೆಯೆಂದು ತೋರುತ್ತದೆ. 1934ರಲ್ಲಿಯೇ ಅವರು ನಟ-ನಿರ್ದೇಶಕ ಜಾನ್ ಗೀಲ್ಗುಡ್ ಅವರ ‘ಹ್ಯಾಮ್ಲೆಟ್’ ನಾಟಕದಲ್ಲಿ ಆಸ್ರಿಕ್ ಎಂಬ ಸಣ್ಣ ಪಾತ್ರ ವಹಿಸಿದ್ದರು, 1938ರಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕ ತಂಡದ ಆಧುನಿಕ ಉಡುಪಿನ ಪ್ರಯೋಗದಲ್ಲಿ ತಾವೇ ಹ್ಯಾಮ್ಲೆಟ್ ಆದರು. ಮರುವರ್ಷ ಡಿಕನ್ಸ್ ಅವರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ಸ್ವತಃ ನಾಟಕವಾಗಿಸಿ ಹರ್ಬರ್ಟ್ ಪಾಕೆಟ್ ಪಾತ್ರ ವಹಿಸಿದರು. ನೀವು ಆರಂಭವೆಂದು ಬರೆದಿರುವ 1946ರಲ್ಲಿ ಅದೇ ಕಾದಂಬರಿಯನ್ನು ಆಧರಿಸಿ ಡೇವಿಡ್ ಲೀನ್ ನಿರ್ದೇಶಿಸಿದ ಚಿತ್ರದಲ್ಲಿ ಅವರು ಮತ್ತೆ ನಿರ್ವಹಿಸಿದ್ದು ಅದೇ ಪಾತ್ರವನ್ನು. ಈ ಕೊಂಡಿಯನ್ನು ದಯವಿಟ್ಟು ಬಿಡಬೇಡಿ, ಏಕೆಂದರೆ ಅವರ ಸಿನಿಮಾ ಬದುಕು ರಂಗದಿಂದಲೇ ಬೆಳೆದದ್ದು ಇಲ್ಲಿ ಸ್ಪಷ್ಟವಾಗುತ್ತದೆ. ನಡುವಿನ ವರ್ಷಗಳು ಹೆಚ್ಚುಕಡಿಮೆ ಖಾಲಿಯಾಗಿ ಕಂಡರೆ ಅದು ದೋಷವಲ್ಲ. ಯುದ್ಧಕಾಲದಲ್ಲಿ ಅವರು ಬ್ರಿಟಿಷ್ ನೌಕಾಪಡೆಯಲ್ಲಿದ್ದರು.

ಕೊನೆಗೆ 1964ರ ಟೋನಿ ಪ್ರಶಸ್ತಿಯನ್ನು (ಅಮೆರಿಕದ ರಂಗಭೂಮಿ ಪ್ರಶಸ್ತಿ) ‘ಡಿಲನ್’ ನಾಟಕದ ಎದುರು ಸೇರಿಸಿ, ಆಸ್ಕರ್ ಸಾಲನ್ನು ‘1957ರ ಚಿತ್ರಕ್ಕೆ, 1958ರಲ್ಲಿ ಪ್ರದಾನ’ ಎಂದು ಮುದ್ರಿಸಿ.