ಶೇ 40 ಇಲ್ಲದಿದ್ದರೆ ಲಿಪಿಕಾರರನ್ನು ಕೇಳುವಂತಿಲ್ಲವೇ?

ಪ್ರಶ್ನೆ: ನಾನು ಪಾಂಡವಪುರದಿಂದ ದಿನವೂ ರೈಲಿನಲ್ಲಿ ಬಂದು ಮೈಸೂರಿನ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದೇನೆ. ಬೈಕ್ ಅಪಘಾತದ ನಂತರ ಬಲಗೈ ಬೆರಳುಗಳಲ್ಲಿ ಹಿಡಿತ ಕಡಿಮೆಯಾಗಿದ್ದು, ಸ್ವಲ್ಪ ಹೊತ್ತು ಬರೆಯುವಷ್ಟರಲ್ಲಿ ಕೈ ಸೆಟೆದುಕೊಳ್ಳುತ್ತದೆ. ಮೆಟ್ಟಿಲು ಹತ್ತುವುದೂ ಕಷ್ಟ. ತರಗತಿ ಇರುವುದು ಎರಡನೆಯ ಮಹಡಿಯಲ್ಲಿ. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ 30 ಎಂದಿದೆ. ಶೇ 40 ಇಲ್ಲದವರಿಗೆ ಯಾವ ಸೌಲಭ್ಯವೂ ಇಲ್ಲವೆಂದು ಕಚೇರಿಯಲ್ಲಿ ಹೇಳಿದರು. ಇದು ನಿಜವೇ?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನಿಜವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಶೇ 40ರ ಮಿತಿ ಇರುವುದು ಉನ್ನತ ಶಿಕ್ಷಣದ ಶೇ 5ರ ಮೀಸಲಾತಿಯಂಥ ಸೌಲಭ್ಯಗಳಿಗೆ. ಪ್ರತಿ ಅರ್ಜಿ ನಮೂನೆಯಲ್ಲೂ ಅದೇ ಅಂಕಿಯನ್ನು ನೋಡುವ ಸಿಬ್ಬಂದಿ ಅದನ್ನು ಎಲ್ಲಕ್ಕೂ ಅನ್ವಯಿಸಿಬಿಡುತ್ತಾರೆ. ಆದರೆ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕೆಂದು ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ 16ನೆಯ ಕಲಮು ವಿಧಿಸಿರುವ ಹೊಣೆಗೆ ಆ ಮಿತಿಯಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಕೇಂದ್ರ ಲೋಕಸೇವಾ ಆಯೋಗವು ಲಿಪಿಕಾರರನ್ನು, ಅಂದರೆ ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆದುಕೊಡುವವರನ್ನು, ನಿರಾಕರಿಸಿದಾಗ, 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅದರ ಫಲವಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ತೊಂದರೆಯಿರುವವರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು.

ಹಾಗಾಗಿ ಈಗಿರುವ ಪ್ರಮಾಣಪತ್ರವೊಂದೇ ಸಾಲದು. ಶೇಕಡಾವಾರು ಎಷ್ಟು ಎಂಬುದಕ್ಕಿಂತ ಬರೆಯುವ ಸಾಮರ್ಥ್ಯ ಎಷ್ಟರಮಟ್ಟಿಗೆ ಕುಂದಿದೆ, ಲಿಪಿಕಾರರು ಬೇಕೇ ಎಂಬುದನ್ನು ಹೇಳುವ ಪ್ರಮಾಣಪತ್ರವನ್ನು ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿಯಿಂದ ಪಡೆಯಬೇಕಾಗುತ್ತದೆ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಮೊದಲು ವಿಚಾರಿಸಿ. ಚಿಕಿತ್ಸೆಯ ಹಳೆಯ ದಾಖಲೆಗಳು ಜೊತೆಗಿರಲಿ.

ಹೆಚ್ಚುವರಿ ಸಮಯವನ್ನು ಕೇಳಬೇಕೋ ಲಿಪಿಕಾರರನ್ನು ಕೇಳಬೇಕೋ ಎಂಬುದನ್ನು ಮಾತ್ರ ಅವಸರದಲ್ಲಿ ತೀರ್ಮಾನಿಸಬೇಡಿ. ಹೆಚ್ಚುವರಿ ಸಮಯವೆಂದರೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ನಡುನಡುವೆ ಕೈಗೆ ವಿಶ್ರಾಂತಿ ಕೊಟ್ಟರೆ ಬರೆಯಬಲ್ಲಿರಾದರೆ ಇದೇ ಸಾಕಾಗಬಹುದು, ಮತ್ತು ನನ್ನ ಅಭಿಪ್ರಾಯದಲ್ಲಿ ಇದೇ ಲೇಸು. ಏಕೆಂದರೆ ಹತ್ತು ಅಂಕದ ಪ್ರಬಂಧವನ್ನು ಬಾಯಲ್ಲಿ ಹೇಳಿ ಬರೆಸುವುದು, ಅದರಲ್ಲೂ ಹೇಳಿದ್ದೇನು, ಬಿಟ್ಟಿದ್ದೇನು ಎಂಬುದನ್ನು ನೆನಪಿನಲ್ಲಿ ಇಟ್ಟುಕೊಂಡು ಸಾಗುವುದು, ರೂಢಿಯಿಲ್ಲದವರಿಗೆ ಬರೆಯುವುದಕ್ಕಿಂತ ಕಠಿಣ. ಲಿಪಿಕಾರರೇ ಬೇಕೆನಿಸಿದರೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗೆಳೆಯರೊಬ್ಬರಿಗೆ ಹೇಳಿ ಬರೆಸಿ ಅಭ್ಯಾಸ ಮಾಡಿಕೊಳ್ಳಿ.

ಅರ್ಜಿಯನ್ನು ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾನಿಲಯದ ಪರೀಕ್ಷಾಂಗ ಕುಲಸಚಿವರಿಗೆ ಬರೆಯಿರಿ. ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೇ ಸಲ್ಲಿಸಿದರೆ ಒಳ್ಳೆಯದು. ಹಾಲ್ ಟಿಕೆಟ್ ಬಂದ ಮೇಲೆ ಹೋದರೆ ಮಂಜೂರಾದ ಸೌಲಭ್ಯವೂ ಪರೀಕ್ಷಾ ಕೇಂದ್ರದ ಮೇಲ್ವಿಚಾರಕರಿಗೆ ತಲುಪದೆ ಉಳಿಯುವ ಅಪಾಯವಿದೆ. ಆಂತರಿಕ ಪರೀಕ್ಷೆಗಳಿಗೂ ಇದೇ ಅನುಕೂಲ ಬೇಕೆಂದು ಅದರಲ್ಲಿಯೇ ನಮೂದಿಸಿ. ತರಗತಿಯನ್ನು ನೆಲಮಹಡಿಗೆ ಬದಲಾಯಿಸುವುದು ಪ್ರಾಂಶುಪಾಲರ ಮಟ್ಟದಲ್ಲೇ ಆಗಬಹುದಾದ ಕೆಲಸವಾದ್ದರಿಂದ ಅದಕ್ಕೆ ಬೇರೆ ಪತ್ರ ಕೊಡಿ.

ಎರಡಕ್ಕೂ ಸ್ವೀಕೃತಿ ಮೊಹರು ಹಾಕಿಸಿದ ಪ್ರತಿಯನ್ನು ಇಟ್ಟುಕೊಳ್ಳಿ. ಮತ್ತೆ ಶೇ 40ರ ಮಾತು ಬಂದರೆ ವಾದಕ್ಕಿಳಿಯದೆ, ಕಾರಣ ತಿಳಿಸಿ ಹಿಂಬರಹ ಕೊಡಿ ಎಂದು ಕೇಳಿ. ಬಾಯಿಮಾತಿನಲ್ಲಿ ಸುಲಭವಾಗಿ ಹೇಳಿದ್ದನ್ನು ಸಹಿ ಹಾಕಿ ಕೊಡಲು ಅನೇಕರು ಹಿಂಜರಿಯುತ್ತಾರೆ. ಕೊಟ್ಟರೆ, ಆ ಹಿಂಬರಹವನ್ನು ಲಗತ್ತಿಸಿ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು.