ಓದುಗರ ಪ್ರಶ್ನೆಗಳು: ಆಫೀಸಿನ ಹಳೆಯ ಇಪಿಎಬಿಎಕ್ಸ್ ಮನೆಗೆ ಬಂದಾಗ

ಪ್ರಶ್ನೆ: ಕಚೇರಿ ಖಾಲಿ ಮಾಡುತ್ತಿರುವವರ ಬಳಿ ಪ್ಯಾನಾಸೋನಿಕ್ ಕೆಎಕ್ಸ್-ಟಿಇಎಸ್824 ಇಪಿಎಬಿಎಕ್ಸ್ (ಒಳಗಿನ ಫೋನುಗಳನ್ನು ಪರಸ್ಪರ ಮತ್ತು ಹೊರಗಿನ ಲೈನಿಗೆ ಜೋಡಿಸುವ ಪೆಟ್ಟಿಗೆ) ಕಡಿಮೆ ಬೆಲೆಗೆ ಸಿಗುತ್ತಿದೆ. ಹವ್ಯಾಸಕ್ಕಾಗಿ ಮನೆಯಲ್ಲಿ ನಾಲ್ಕೈದು ಫೋನು ಜೋಡಿಸುವ ಆಸೆ. ಏನೇನು ನೋಡಿ ಕೊಳ್ಳಬೇಕು? (ಮೈಸೂರಿನ ಓದುಗರು)

ಉತ್ತರ: ಮೊದಲು ಕೇಳಬೇಕಾದ್ದು ಅದರ ಜೊತೆಗಿದ್ದ ಕೀ ಫೋನನ್ನು, ಅಂದರೆ ಪೆಟ್ಟಿಗೆಯ ಸೆಟ್ಟಿಂಗ್ ಬದಲಿಸುವ ಗುಂಡಿಗಳಿರುವ ಅದರದೇ ಫೋನನ್ನು. ಡಿಸ್‌ಪ್ಲೇ ಇರುವ ಕೆಎಕ್ಸ್-ಟಿ7730 ಆದರೆ ಒಳ್ಳೆಯದು. ಎಷ್ಟೋ ಜನ ಪೆಟ್ಟಿಗೆಯನ್ನಷ್ಟೇ ತಂದು, ಸೆಟ್ಟಿಂಗ್ ಬದಲಿಸಲು ಸುಲಭದ ದಾರಿಯಿಲ್ಲದೆ ಕೂರುತ್ತಾರೆ. ಕೀ ಫೋನ್ ಇಲ್ಲ ಎಂದರೆ ಬೆಲೆ ಇಳಿಸಿ ಕೇಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅದನ್ನು ಬೇರೆಯಾಗಿ ಹುಡುಕಬೇಕಾಗುತ್ತದೆ.

ಈ ಪೆಟ್ಟಿಗೆಯ ಮೂಲ ರೂಪದಲ್ಲಿ 3 ಹೊರಗಿನ ಲೈನು, 8 ಎಕ್ಸ್‌ಟೆನ್ಷನ್ (ಒಳಗಿನ ಫೋನು). ಕಾರ್ಡ್ ಸೇರಿಸಿದರೆ 8 ಲೈನು, 24 ಎಕ್ಸ್‌ಟೆನ್ಷನ್‌ವರೆಗೆ ಬೆಳೆಯುತ್ತದೆ. ಮನೆಗೆ ಮೂಲ ರೂಪವೇ ಧಾರಾಳ. ಹೆಚ್ಚು ಕಾರ್ಡ್ ಇವೆಯೆಂದು ಹೆಚ್ಚು ಹಣ ಕೊಡಬೇಡಿ.

ಕೊಳ್ಳುವ ಜಾಗದಲ್ಲೇ ಎರಡು ಮಾಮೂಲಿ ಫೋನು, ಎರಡು ತುಂಡು ತಂತಿ, ಒಂದು ಮಲ್ಟಿಮೀಟರ್ ಇಟ್ಟುಕೊಂಡು ಪರೀಕ್ಷಿಸಿ. ಫೋನನ್ನು ಎಕ್ಸ್‌ಟೆನ್ಷನ್ ಜಾಕ್ 1 ಮತ್ತು 2ಕ್ಕೆ ಹಾಕಿ. ಹಿಂದಿನವರು ನಂಬರು ಬದಲಿಸಿಲ್ಲದಿದ್ದರೆ ಅವು 101 ಮತ್ತು 102. ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿ, ಮಾತಾಡಿ, ಇಡಿ. ಎರಡನೆಯ ಫೋನನ್ನು ಮುಂದಿನ ಜಾಕ್‌ಗೆ ಸರಿಸುತ್ತಾ ಎಂಟನ್ನೂ ನೋಡಿಬಿಡಿ. ಒಂದು ಜಾಕ್ ಸತ್ತಿದ್ದರೆ ಅದನ್ನು ಬಿಟ್ಟು ಉಳಿದವನ್ನು ಬಳಸಬಹುದು. ಎಲ್ಲದರಲ್ಲೂ ಗುಂಯ್ ಎಂಬ ಸದ್ದಿದ್ದರೆ ತಪ್ಪು ಬಹುತೇಕ ಪವರ್ ಸಪ್ಲೈನದು: ಅದರ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರುತ್ತವೆ, ತಲೆ ಉಬ್ಬಿರುತ್ತದೆ. ಬದಲಿಸುವುದು ಅಗ್ಗ, ಆದರೆ ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಮೀರಿ ಉಳಿದಿರಬಹುದು. ಅಭ್ಯಾಸವಿಲ್ಲದವರು ಟಿವಿ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.

ಹೊಸಬರು ಎಡವುವುದು ಟ್ರಂಕ್ (ಹೊರಗಿನ ಲೈನಿನ) ಮತ್ತು ಎಕ್ಸ್‌ಟೆನ್ಷನ್ ಜಾಕ್‌ಗಳ ವಿಷಯದಲ್ಲಿ. ಎರಡೂ ನೋಡಲು ಒಂದೇ. ಎಕ್ಸ್‌ಟೆನ್ಷನ್ ಜಾಕ್ ಫೋನಿಗೆ ಕರೆಂಟು ಕೊಡುತ್ತದೆ. ಟ್ರಂಕ್ ಜಾಕ್ ಕೊಡುವುದಿಲ್ಲ, ಹೊರಗಿನ ಲೈನಿನಿಂದ ಪಡೆಯುತ್ತದೆ. ಟ್ರಂಕಿಗೆ ಫೋನು ಹಾಕಿದರೆ ಸದ್ದೇ ಇರದು, ನಷ್ಟವೂ ಇಲ್ಲ. ಹೊರಗಿನ ಲೈನನ್ನು ಎಕ್ಸ್‌ಟೆನ್ಷನ್ ಜಾಕ್‌ಗೆ ಹಾಕಿದರೆ ಮಾತ್ರ ಎರಡು ಕಡೆಯ ಕರೆಂಟು ಎದುರುಬದುರಾಗಿ ಜಾಕ್ ಸುಡಬಹುದು.

ಮಾಮೂಲಿ ಫೋನಿಗೆ ಜಾಕ್‌ನ ನಡುವಿನ ಎರಡು ತಂತಿ ಸಾಕು. ಕೀ ಫೋನಿಗೆ ಅಕ್ಕಪಕ್ಕದ ಎರಡೂ ಸೇರಿ ನಾಲ್ಕು ಬೇಕು. ಎರಡೆಳೆಯ ತಂತಿಯಲ್ಲಿ ಕೀ ಫೋನಿನ ಡಿಸ್‌ಪ್ಲೇ ಕತ್ತಲಾಗಿಯೇ ಇರುತ್ತದೆ. ಅದನ್ನು ನೋಡಿ ಫೋನೇ ಕೆಟ್ಟಿದೆ ಎಂದು ಎಸೆಯಬೇಡಿ. ಸೆಟ್ಟಿಂಗ್ ಬದಲಿಸಲು ಕೀ ಫೋನನ್ನು ಜಾಕ್ 1ಕ್ಕೆ ಹಾಕಿ, ರಿಸೀವರ್ ಇಟ್ಟಲ್ಲೇ ಇದ್ದಾಗ ಪ್ರೋಗ್ರಾಂ ಗುಂಡಿ ಒತ್ತಿ, ನಕ್ಷತ್ರ, ಹ್ಯಾಷ್, ನಂತರ ಪಾಸ್‌ವರ್ಡ್ ಒತ್ತಿ. ಕಾರ್ಖಾನೆಯ ಪಾಸ್‌ವರ್ಡ್ 1234. ಒಳಗೆ ಹೋದ ಮೇಲೆ ಪ್ರೋಗ್ರಾಂ ಸಂಖ್ಯೆ 000ದಲ್ಲಿ ದಿನಾಂಕ, ಸಮಯ ಸರಿಮಾಡಿ. ಪ್ಲಗ್ ತೆಗೆದು ಹಾಕಿದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋದರೆ ಬೋರ್ಡಿನ ಮೇಲಿನ ಲಿಥಿಯಂ ಬ್ಯಾಟರಿ ಮುಗಿದಿದೆ ಎಂದರ್ಥ.

ಪ್ರಶ್ನೆ: ಮನೆಯಿಂದ ಅಡಿಕೆ ಸುಲಿಯುವ ಶೆಡ್‌ಗೆ 150 ಮೀಟರ್. ಮೊಬೈಲ್ ಸಿಗ್ನಲ್ ಇಲ್ಲ. ಅಲ್ಲಿಗೊಂದು ಎಕ್ಸ್‌ಟೆನ್ಷನ್ ಎಳೆಯಬಹುದೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಖಂಡಿತ. ದೂರ ಏನೂ ತೊಡಕಲ್ಲ. 0.5 ಮಿ.ಮೀ. ತಾಮ್ರದ ಜೋಡಿ ತಂತಿಯಲ್ಲಿ ಹೋಗಿ ಬರುವ ದಾರಿಯ ರೋಧ 100 ಮೀಟರಿಗೆ ಸುಮಾರು 18 ಓಮ್. ನಿಮಗೆ 27 ಓಮ್ ಆಗುತ್ತದೆ. ಮಾತಾಡುವಾಗ ಫೋನಿನದೇ ಕೆಲವು ನೂರು ಓಮ್ ಇರುತ್ತದೆ. ಶೆಡ್‌ನಲ್ಲಿ ಮಾಮೂಲಿ ಫೋನನ್ನೇ ಇಡಿ.

ನಿಮ್ಮ ನಿಜವಾದ ಶತ್ರು ಮಳೆ ಮತ್ತು ಸಿಡಿಲು. ಜೆಲ್ಲಿ ತುಂಬಿದ ಟೆಲಿಫೋನ್ ಕೇಬಲ್ ತಂದು, ನಡುವೆ ಜಾಯಿಂಟ್ ಇಲ್ಲದೆ ಒಂದೇ ತುಂಡಾಗಿ ಎಳೆಯಿರಿ. ಜಾಯಿಂಟಿಗೆ ನೀರು ಹೊಕ್ಕರೆ ಎರಡು ಎಳೆಗಳ ನಡುವೆ ಕರೆಂಟು ಸೋರುತ್ತದೆ. ಮೊದಲು ಕರಕರ ಸದ್ದು, ಸೋರಿಕೆ ಹೆಚ್ಚಿದಾಗ ರಿಸೀವರ್ ಎತ್ತಿದ್ದಾರೆಂದೇ ಪೆಟ್ಟಿಗೆ ತಿಳಿದು ಆ ಎಕ್ಸ್‌ಟೆನ್ಷನ್ ಸದಾ ಎಂಗೇಜ್. ಪತ್ತೆ ಮಾಡಲು ಎರಡೂ ತುದಿ ಬಿಡಿಸಿ, ಮಲ್ಟಿಮೀಟರನ್ನು ಮೆಗಾಓಮ್‌ನಲ್ಲಿಟ್ಟು ಎಳೆಗಳ ನಡುವೆ ಅಳೆಯಿರಿ. ಒಣಗಿದ ಕೇಬಲ್ ಏನನ್ನೂ ತೋರಿಸಬಾರದು.

ಸಿಡಿಲಿಗೆ ಎರಡೂ ತುದಿಯಲ್ಲಿ ಮೂರು ಕಾಲಿನ ಗ್ಯಾಸ್ ಡಿಸ್‌ಚಾರ್ಜ್ ಟ್ಯೂಬ್ (ವೋಲ್ಟ್ ಮಿತಿ ಮೀರಿದಾಗ ಅದನ್ನು ಅರ್ಥಿಂಗಿಗೆ ಹರಿಸುವ ಭಾಗ) ಇರುವ ರಕ್ಷಕ ಹಾಕಿ, ನಡುಗಾಲನ್ನು ಗಿಡ್ಡ, ದಪ್ಪ ತಂತಿಯಿಂದ ಅರ್ಥಿಂಗಿಗೆ ಸೇರಿಸಿ. ಮನೆಯ ತುದಿಯಲ್ಲಿ ಪೆಟ್ಟಿಗೆಗೂ ಅದಕ್ಕೂ ಒಂದೇ ಅರ್ಥ್ ಇರಲಿ. ಟ್ಯೂಬ್ 230 ವೋಲ್ಟಿನದಾಗಿರಬೇಕು. 90 ವೋಲ್ಟಿನದು ಬೇಡ: ರಿಂಗ್ ಎಂದರೆ ಸುಮಾರು 75 ವೋಲ್ಟ್ ಎಸಿ, ಅದರ ತುದಿಯೇ 106 ವೋಲ್ಟ್, ಮೇಲೆ ಡಿಸಿಯೂ ಸೇರುತ್ತದೆ. ಹಾಗಾಗಿ 90 ವೋಲ್ಟಿನ ಟ್ಯೂಬ್ ಪ್ರತಿ ರಿಂಗಿಗೂ ಚಾಲೂ ಆಗಿಬಿಡುತ್ತದೆ. ಇಷ್ಟಾದರೂ ಗುಡುಗಿನ ಮಳೆಯಲ್ಲಿ ಶೆಡ್ ಕಡೆಯ ಪ್ಲಗ್ ಕಿತ್ತಿಡುವುದೇ ಕ್ಷೇಮ. ಕೇಬಲನ್ನು ವಿದ್ಯುತ್ ಕಂಬಕ್ಕೆ ಕಟ್ಟಲೇಬೇಡಿ.

ಪ್ರಶ್ನೆ: ಫೈಬರ್ ಮೋಡೆಮ್‌ನ ಫೋನ್ ಜಾಕ್‌ನಿಂದ ಇಪಿಎಬಿಎಕ್ಸ್‌ಗೆ ಲೈನು ಕೊಟ್ಟಿದ್ದೇನೆ. ಕೆಲವೊಮ್ಮೆ ಹೊರಗಿನವರು ಇಟ್ಟರೂ ಲೈನು ಬಿಡುವುದಿಲ್ಲ. (ಹುಬ್ಬಳ್ಳಿಯ ಓದುಗರು)

ಉತ್ತರ: ನೀವೇ ರಿಸೀವರ್ ಇಟ್ಟಾಗ ಲೈನು ಬಿಡುತ್ತದೆ. ತೊಂದರೆ ಬರುವುದು ಯಂತ್ರವೇ ಕರೆ ತೆಗೆದುಕೊಂಡಾಗ, ಇಲ್ಲವೇ ಒಂದು ಹೊರಗಿನ ಕರೆಯನ್ನು ಇನ್ನೊಂದು ಹೊರಗಿನ ಲೈನಿಗೆ ಕೂಡಿಸಿದಾಗ. ಆಗ ಆ ಕಡೆಯವರು ಇಟ್ಟದ್ದನ್ನು ಪೆಟ್ಟಿಗೆ ಗುರುತಿಸುವುದು ಲೈನಿನ ಕರೆಂಟು ಕ್ಷಣಕಾಲ ಕಡಿತವಾದರೆ, ಅಥವಾ ಎಂಗೇಜ್ ಟೋನ್ ಕೇಳಿಸಿದರೆ. ನಮ್ಮ ದೇಶದ ಎಂಗೇಜ್ ಟೋನ್ 400 ಹರ್ಟ್ಸ್, 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ಪೆಟ್ಟಿಗೆ ಬೇರೆ ದೇಶದ ಸೆಟ್ಟಿಂಗಿನಲ್ಲಿದ್ದರೆ ಈ ಟೋನ್ ಅದಕ್ಕೆ ಅರ್ಥವಾಗದು. ಅದನ್ನು ಹೊಂದಿಸಿ, ಆಗದಿದ್ದರೆ ಅಂಥ ಕರೆಗಳಿಗೆ ನಿಮಿಷದ ಮಿತಿ ಹಾಕಿ. ಮೋಡೆಮ್ ಮತ್ತು ಪೆಟ್ಟಿಗೆ ಎರಡೂ ಇನ್ವರ್ಟರ್ ಮೇಲಿರಲಿ. ಇಂಟರ್ನೆಟ್ ಕರೆಯನ್ನು ಸಿಮ್ ಮೂಲಕ ಊರ ಫೋನ್ ಜಾಲಕ್ಕೆ ದಾಟಿಸುವ ಪ್ರಯೋಗಕ್ಕೆ ಕೈಹಾಕಬೇಡಿ, ಅದು ಕಾನೂನಿಗೆ ವಿರುದ್ಧ.

ಪ್ರಶ್ನೆ: ಹಳ್ಳಿಗಳಲ್ಲಿದ್ದ ಸಿ-ಡಾಟ್ (ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ) ಎಕ್ಸ್‌ಚೇಂಜ್ ಸಿಕ್ಕರೆ ಮನೆಯಲ್ಲಿ ನಡೆಸಬಹುದೇ? (ಧಾರವಾಡದ ಓದುಗರು)

ಉತ್ತರ: ನಿಮ್ಮ ಜಿಲ್ಲೆಯ ಪಕ್ಕದ ಕಿತ್ತೂರಿನಲ್ಲೇ 1986ರಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ನಿಂತದ್ದು, ಆಸೆ ಸಹಜ. ಆದರೆ ಅದಕ್ಕೆ 48 ವೋಲ್ಟಿನ ಬ್ಯಾಟರಿ ಸಾಲು ಬೇಕು, ಮುಖ್ಯ ಕಾರ್ಡುಗಳು ಕಾಣೆಯಾಗಿದ್ದರೆ ಏಳುವುದಿಲ್ಲ. ಕಾರ್ಡುಗಳನ್ನು ಜೋಪಾನವಾಗಿ ಕಾದಿಡಿ, ನಡೆಸಲು ಚಿಕ್ಕ ಇಪಿಎಬಿಎಕ್ಸ್ ತನ್ನಿ.

ಪ್ರಶ್ನೆ: ಬೆಂಗಳೂರಿನ ಐಟಿಐ ಕಾರ್ಖಾನೆಯ ಕಪ್ಪು ಡಯಲ್ ಫೋನನ್ನು ಹಾಕಿದರೆ ತಪ್ಪು ನಂಬರಿಗೆ ಹೋಗುತ್ತದೆ. (ಬೆಂಗಳೂರಿನ ಓದುಗರು)

ಉತ್ತರ: ಡಯಲ್ ಜಿಡ್ಡುಗಟ್ಟಿದೆ. ಅದು ಸೆಕೆಂಡಿಗೆ 10 ಸಲ ಲೈನನ್ನು ಕಡಿದು ಅಂಕಿಯನ್ನು ಕಳಿಸುತ್ತದೆ. ಸೊನ್ನೆ ತಿರುಗಿಸಿ ಬಿಡಿ: ಹಿಂತಿರುಗಲು ಸುಮಾರು ಒಂದು ಸೆಕೆಂಡ್ ಸಾಕು. ಒಂದೂಕಾಲು ಮೀರಿದರೆ ಎಣಿಕೆ ತಪ್ಪುತ್ತದೆ. ಹಲ್ಲುಚಕ್ರಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಅಕ್ಷದ ತುದಿಗೆ ಗಡಿಯಾರದ ಎಣ್ಣೆಯ ಒಂದು ಹನಿ ಬಿಡಿ. ವೇಗ ಹಿಡಿಯುವ ಗವರ್ನರಿನ ಬಟ್ಟಲಿಗೆ ಎಣ್ಣೆ ತಾಗಬಾರದು, ತಾಗಿದರೆ ಡಯಲ್ ಓಡತೊಡಗುತ್ತದೆ. ನಿಮ್ಮ ದನಿ ಆ ಕಡೆ ಕ್ಷೀಣವಾಗಿದ್ದರೆ ಮೌತ್‌ಪೀಸಿನ ಇಂಗಾಲದ ಪುಡಿ ಗಟ್ಟಿಯಾಗಿದೆ. ಅಂಗೈಗೆ ಮೆಲ್ಲಗೆ ತಟ್ಟಿ ಸಡಿಲಿಸಿ. ಈ ಫೋನಿನಲ್ಲಿ ನಕ್ಷತ್ರ, ಹ್ಯಾಷ್ ಇಲ್ಲ, ಕರೆ ವರ್ಗಾಯಿಸಲು ಹುಕ್ ತಟ್ಟಬೇಕು. ಸುಮಾರು ಅರ್ಧ ಸೆಕೆಂಡ್ ಒತ್ತಿ ಬಿಡಿ: ತೀರಾ ಚುರುಕಾಗಿ ತಟ್ಟಿದರೆ ಪೆಟ್ಟಿಗೆ ಅದನ್ನು 1 ಎಂದು ಓದುತ್ತದೆ, ಹೆಚ್ಚು ಹೊತ್ತು ಒತ್ತಿದರೆ ಕರೆಯೇ ಕಡಿದುಹೋಗುತ್ತದೆ.