ಮೆಕ್ಸಿಕೋದ ಬೀಚ್ ಊರಿನಲ್ಲಿ ದಿನನಿತ್ಯದ ಬದುಕು ಹೇಗಿರುತ್ತದೆ? ಅಲ್ಲಿನವರ ಸ್ನೇಹ ಸಿಗುತ್ತದಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಮನೆಯಿಂದಲೇ ಕೆಲಸ ಮಾಡುತ್ತಾ ಒಂದು ವರ್ಷ ಮೆಕ್ಸಿಕೋದ ಕಡಲತೀರದ ಊರಿನಲ್ಲಿ ಇದ್ದರೆ ದಿನಗಳು ಹೇಗೆ ಕಳೆಯುತ್ತವೆ? ಅಲ್ಲಿನ ಜನ ಸ್ನೇಹಿತರಾಗುತ್ತಾರಾ, ಅಥವಾ ಕೊನೆಯವರೆಗೂ ಟೂರಿಸ್ಟ್ ಆಗಿಯೇ ಉಳಿಯಬೇಕಾ?

ನಾನು ಹೊನ್ನಾವರದ ಕಡೆಯವಳು. ಸಾಫ್ಟ್‌ವೇರ್ ಕೆಲಸಕ್ಕೆ ಮೆಕ್ಸಿಕೋದ ದೊಡ್ಡ ನಗರ ಗ್ವಾದಲಹಾರಾಕ್ಕೆ ಬಂದೆ. ಆಮೇಲೆ ಕಡಲತೀರದ ಪ್ವೆರ್ತೊ ವಯಾರ್ತಾದಲ್ಲಿ ಮನೆ ಮಾಡಿದೆ, ಈಗಲೂ ಇಲ್ಲೇ ಇದ್ದೇನೆ. ಹಾಗಾಗಿ ಈ ಒಂದು ಊರಿನ ಬಗ್ಗೆ ಮಾತ್ರ ಹೇಳುತ್ತೇನೆ. ಕ್ಯಾಂಕುನ್, ಲೋಸ್ ಕಾಬೋಸ್‌ನಂಥ ಬೇರೆ ಬೀಚ್ ಊರುಗಳದು ಬೇರೆಯೇ ರೀತಿ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಸ್ನೇಹ ಖಂಡಿತ ಸಿಗುತ್ತದೆ. ಆದರೆ ಎಲ್ಲರೂ ಬರುವ ಡಿಸೆಂಬರಿನಲ್ಲಿ ಅಲ್ಲ, ಯಾರೂ ಬರದ ಸೆಪ್ಟೆಂಬರಿನಲ್ಲಿ.

ಅದಕ್ಕೆ ಕಾರಣ ಗೊತ್ತಾಗಬೇಕಾದರೆ ಊರು ನಡೆಯುವ ರೀತಿ ತಿಳಿದಿರಬೇಕು. ಒಂದು ಕಡೆ ಪೆಸಿಫಿಕ್ ಸಾಗರದ ಬಂದೇರಾಸ್ ಕೊಲ್ಲಿ, ಇನ್ನೊಂದು ಕಡೆ ಸಿಯೆರಾ ಮಾದ್ರೆ ಬೆಟ್ಟಸಾಲು. ನಮ್ಮ ಕಾರವಾರದ ಹಾಗೆ, ಬೆಟ್ಟ ಮುಗಿದಲ್ಲೇ ಕಡಲು ಶುರು. 2020ರ ಜನಗಣತಿಯಲ್ಲಿ ಇಲ್ಲಿ ಸುಮಾರು 2.9 ಲಕ್ಷ ಜನರಿದ್ದರು. 1963ರಲ್ಲಿ ಪಕ್ಕದ ಮಿಸ್ಮಲೋಯಾದಲ್ಲಿ ಒಂದು ಹಾಲಿವುಡ್ ಚಿತ್ರದ ಶೂಟಿಂಗ್ ನಡೆಯಿತು, ಹಿಂದೆಯೇ ಪತ್ರಕರ್ತರ ದಂಡು ಬಂತು. ಊರಿನ ಹೆಸರು ಹೊರಗೆ ಹರಡಿದ್ದು ಆಗಲೇ. ಈಗ ಇಲ್ಲಿನ ಹೆಚ್ಚಿನ ಮನೆಗಳ ಒಲೆ ಉರಿಯುವುದು ಟೂರಿಸಂನಿಂದ.

ಟೂರಿಸ್ಟ್‌ಗಳು ಓಡಾಡುವುದು ಕಡಲಂಚಿನ ಒಂದು ಪಟ್ಟಿಯಲ್ಲಿ: ಲೋಸ್ ಮ್ವೆರ್ತೋಸ್ ಬೀಚು, ಹಳೇ ಪೇಟೆ, ಮಲೆಕೋನ್ ಎನ್ನುವ ಕಡಲ ದಂಡೆಯ ಕಾಲುದಾರಿ, ಅಲ್ಲಿಂದ ಉತ್ತರಕ್ಕೆ ಹೋಟೆಲ್‌ಗಳ ಸಾಲು. ಆ ಹೋಟೆಲ್‌ಗಳಲ್ಲಿ ದುಡಿಯುವವರು ಇರುವುದು ಒಳಗಡೆ, ಪಿತಿಯಾಲ್, ಲಾಸ್ ಹುಂತಾಸ್, ಇಶ್ತಾಪಾ ಕಡೆ. ಇನ್ನೂ ಎಷ್ಟೋ ಜನ ಅಮೆಕಾ ನದಿಯ ಆಚೆ, ಪಕ್ಕದ ನಯಾರಿತ್ ರಾಜ್ಯದ ಹಳ್ಳಿಗಳಲ್ಲಿ. ಬೆಳಕು ಹರಿಯುವ ಮೊದಲೇ ಹೋಟೆಲ್ ಬಸ್ಸುಗಳು ಬಂದು ಇವರನ್ನು ಹತ್ತಿಸಿಕೊಂಡು ಹೋಗುತ್ತವೆ. 2010ರವರೆಗೆ ನದಿಯ ಆಚೆಯ ಗಡಿಯಾರ ಒಂದು ಗಂಟೆ ಹಿಂದಿತ್ತಂತೆ. ಮನೆ ಒಂದು ಟೈಮಿನಲ್ಲಿ, ಕೆಲಸ ಇನ್ನೊಂದು ಟೈಮಿನಲ್ಲಿ. ಆ ವರ್ಷ ಎರಡನ್ನೂ ಒಂದು ಮಾಡಿದರು.

ಮನೆ ಹುಡುಕುವಾಗ ಪಿತಿಯಾಲ್ ಕಡೆ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೀಚು ದೂರ ಆಗುತ್ತದೆ, ಬಸ್ಸು ಹಿಡಿಯಬೇಕು. ಆದರೆ ಬಾಡಿಗೆ ಕಡಿಮೆ, ಮತ್ತು ನಿಮ್ಮ ಅಕ್ಕಪಕ್ಕದ ಬಾಗಿಲುಗಳಲ್ಲಿ ಪ್ರತಿ ವಾರ ಹೊಸ ಮುಖ ಇರುವುದಿಲ್ಲ. ಕಡಲ ಹತ್ತಿರದ ಮನೆಗಳನ್ನು ಈಗ ದಿನದ ಬಾಡಿಗೆಗೆ ಬಿಡುವುದೇ ಜಾಸ್ತಿ. ನಾನು ಮೊದಲು ಇದ್ದ ಮನೆಯ ಮಾಲೀಕರು ನವೆಂಬರ್ ಹತ್ತಿರ ಬರುತ್ತಿದ್ದ ಹಾಗೆ ಖಾಲಿ ಮಾಡಿ ಎಂದರು. ಸೀಸನ್ನಿನಲ್ಲಿ ಟೂರಿಸ್ಟ್‌ಗಳಿಂದ ದುಪ್ಪಟ್ಟು ಸಿಗುತ್ತದಲ್ವಾ! ಪೂರ್ತಿ ವರ್ಷಕ್ಕೆ ಕರಾರು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ.

ನನ್ನ ಬೀದಿಯ ಬೆಳಿಗ್ಗೆ ಹೀಗೆ. ಮೊದಲು ಕುಡಿಯುವ ನೀರಿನ ಗಾಡಿ ಬರುತ್ತದೆ. ನಲ್ಲಿ ನೀರನ್ನು ಯಾರೂ ಕುಡಿಯುವುದಿಲ್ಲ, 20 ಲೀಟರಿನ ಕ್ಯಾನ್ ತೆಗೆದುಕೊಳ್ಳುತ್ತಾರೆ. ಆಮೇಲೆ ಗ್ಯಾಸಿನವನು. ಮಧ್ಯಾಹ್ನದ ಹೊತ್ತಿಗೆ ಟೋರ್ಟಿಯಾ ಅಂಗಡಿಯ ಮುಂದೆ ಸಾಲು. ಜೋಳವನ್ನು, ಅಂದರೆ ನಾವು ಮುಸುಕಿನ ಜೋಳ ಎನ್ನುತ್ತೇವಲ್ಲ ಅದನ್ನು, ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ಮಾಡಿದ, ರೊಟ್ಟಿಯಂಥ ಬಿಸಿ ಟೋರ್ಟಿಯಾ. ಕಿಲೋ ಲೆಕ್ಕದಲ್ಲಿ ತೂಗಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಆ ಸಾಲಿನಲ್ಲೇ ಬೀದಿಯ ಸುದ್ದಿಯೆಲ್ಲ ಸಿಗುತ್ತದೆ. ಅಂಗಡಿಗೆ ಹೋದರೆ ಮೊದಲು ನಮಸ್ಕಾರ ಹೇಳಬೇಕು, ಆಮೇಲೆ ಏನು ಬೇಕೋ ಕೇಳಬೇಕು. ನೇರ ಬೆಲೆ ಕೇಳಿದರೆ ಒರಟು ಅನ್ನಿಸುತ್ತದೆ. ಹೋಟೆಲ್‌ನಲ್ಲಿ ಊಟ ಮಾಡುತ್ತಿರುವವರ ಪಕ್ಕ ಹಾದು ಹೋಗುವಾಗ, ಪರಿಚಯ ಇಲ್ಲದಿದ್ದರೂ, ‘ಪ್ರೊವೆಚೊ’, ಅಂದರೆ ಚೆನ್ನಾಗಿ ಊಟ ಮಾಡಿ, ಅಂದು ಹೋಗುತ್ತಾರೆ. ಈ ಚಿಕ್ಕ ಮರ್ಯಾದೆಗಳನ್ನು ಮೊದಲ ವಾರವೇ ಕಲಿತುಬಿಡಿ. ಸ್ಪ್ಯಾನಿಷ್ ಅರೆಬರೆ ಇದ್ದರೂ ಜನ ನಿಮ್ಮನ್ನು ನಿಲ್ಲಿಸಿ ಮಾತಾಡಿಸುವುದು ಇದರಿಂದಲೇ.

ದೊಡ್ಡ ಊಟ ಮಧ್ಯಾಹ್ನ ಎರಡರ ಮೇಲೆ. ಸಣ್ಣ ಊಟದ ಮನೆಗಳಲ್ಲಿ ಒಂದು ಸೂಪು, ಅನ್ನ, ಒಂದು ಮುಖ್ಯ ಅಡುಗೆ, ಜೊತೆಗೆ ಒಂದು ಶರಬತ್ತು ಕೊಡುತ್ತಾರೆ. ನೀವು ಸಸ್ಯಾಹಾರಿ ಆಗಿದ್ದರೆ ಕೇಳಿಯೇ ತಿನ್ನಿ. ಬೀನ್ಸ್‌ಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಹಾಕುವುದು ಇಲ್ಲಿ ಮಾಮೂಲು. ಪಾಪಾಸುಕಳ್ಳಿಯ ಎಳೆ ಎಲೆ, ಕುಂಬಳ ಹೂವು ಹಾಕಿದ ಕೆಸದೀಯಾ (ಚೀಸ್ ಇಟ್ಟು ಮಡಚಿದ ಟೋರ್ಟಿಯಾ), ಹುಣಸೆ ಶರಬತ್ತು, ಖಾರ ಮತ್ತು ನಿಂಬೆರಸ ಹಾಕಿದ ಮಾವು, ಇವು ಬೇಕಾದಷ್ಟು. ತೊಗರಿಬೇಳೆ, ಕರಿಬೇವು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಮಲೆಕೋನ್‌ನಲ್ಲಿ ಸೋರೆ ಬುರುಡೆ ಹೊತ್ತವರು ತೂಬಾ ಮಾರುತ್ತಾರೆ. ತೆಂಗಿನ ಮರದಿಂದ ಇಳಿಸಿದ ನೀರಾ ಅದು, ಮೇಲೆ ಸೇಬಿನ ಚೂರು ಮತ್ತು ಕಡಲೆಬೀಜ. ಮನಿಲಾದಿಂದ ಹಡಗುಗಳು ಮೆಕ್ಸಿಕೋಕ್ಕೆ ಬರುತ್ತಿದ್ದ ಕಾಲದಲ್ಲಿ ಫಿಲಿಪೀನ್ಸ್ ಜನ ತಂದ ವಿದ್ಯೆ. ಕರಾವಳಿಯವರು ಒಮ್ಮೆ ಕುಡಿದು ನೋಡಲೇಬೇಕು.

ಈಗ ಸೀಸನ್ನಿನ ವಿಷಯ. ನವೆಂಬರಿನಿಂದ ಏಪ್ರಿಲ್‌ವರೆಗೆ ಊರು ತುಂಬಿರುತ್ತದೆ. ಚಳಿ ತಪ್ಪಿಸಿಕೊಳ್ಳಲು ಬಂದ ಕೆನಡಾದವರು, ಅಮೆರಿಕದವರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಲ್ಲಿಗೆ ತಿಮಿಂಗಿಲಗಳು ಬರುತ್ತವೆ, ಆಗ ಬೋಟಿನವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಈಸ್ಟರ್ ವಾರದಲ್ಲಿ ಗ್ವಾದಲಹಾರಾದ ಕುಟುಂಬಗಳು ಐಸ್ ಪೆಟ್ಟಿಗೆ, ಅಜ್ಜಿ, ಮಕ್ಕಳ ಸಮೇತ ಬಂದು ಬೀಚು ತುಂಬುತ್ತವೆ. ಇಲ್ಲಿ ಬೀಚು ಯಾವ ಹೋಟೆಲಿನ ಆಸ್ತಿಯೂ ಅಲ್ಲ, ಎಲ್ಲವೂ ಸಾರ್ವಜನಿಕ. ದಾರಿ ಅಡ್ಡ ಹಾಕಿದರೆ ದಂಡ ಅಂತ 2020ರಲ್ಲಿ ಕಾನೂನನ್ನೇ ತಿದ್ದಿದರು. ನನಗೆ ಈ ದೇಶದಲ್ಲಿ ತುಂಬಾ ಇಷ್ಟವಾದ ಕಾನೂನು ಅದು.

ಆ ತಿಂಗಳುಗಳಲ್ಲಿ ಊರಿನವರ ಹತ್ತಿರ ಸಮಯ ಇರುವುದಿಲ್ಲ. ವಾರಕ್ಕೆ ಆರು ದಿನ ಕೆಲಸ, ಸಂಬಳ ಕಡಿಮೆ, ಟಿಪ್ಸ್ ಮೇಲೆ ಮನೆ ನಡೆಯಬೇಕು. ಸೀಸನ್ನಿನಲ್ಲಿ ಉಳಿಸಿದ್ದರಲ್ಲೇ ಖಾಲಿ ತಿಂಗಳುಗಳನ್ನು ದಾಟಬೇಕು. ನಗುತ್ತಾ ಮಾತಾಡಿಸುತ್ತಾರೆ, ಆ ನಗು ನಿಜವಾದದ್ದೇ. ಆದರೆ ಸಂಜೆ ಬನ್ನಿ ಅಂದರೆ ಬರಲು ಆಗುವುದಿಲ್ಲ. ರಜೆ ಭಾನುವಾರ ಅಂತಲೂ ಅಲ್ಲ, ಹೆಚ್ಚಿನವರಿಗೆ ಮಂಗಳವಾರವೋ ಬುಧವಾರವೋ. ನನ್ನ ಗೆಳತಿಯರ ಜೊತೆ ಏನೇ ಕಾರ್ಯಕ್ರಮ ಹಾಕಿದರೂ ವಾರದ ನಡುವೆಯೇ. ನಿಮ್ಮದು ಆನ್‌ಲೈನ್ ಕೆಲಸ ಆದರೆ ಈಗಲೇ ಯೋಚಿಸಿ, ಬುಧವಾರ ಮಧ್ಯಾಹ್ನ ಬಿಡುವು ಮಾಡಿಕೊಳ್ಳಲು ಆಗುತ್ತದಾ ಅಂತ.

ಜೂನ್ ಮಧ್ಯದಲ್ಲಿ ಮಳೆ ಶುರು. ಆಗಸ್ಟ್, ಸೆಪ್ಟೆಂಬರ್ ಅಂದರೆ ಬೆವರು, ಗುಡುಗು, ಬಟ್ಟೆಗೆಲ್ಲ ಬೂಸು. ರೆಸ್ಟೋರೆಂಟ್‌ಗಳು ಅರ್ಧ ಮುಚ್ಚಿರುತ್ತವೆ. ಜನ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಿಮ್ಮನ್ನೂ ಕೂತುಕೊಳ್ಳಿ ಅನ್ನುತ್ತಾರೆ. ನನಗೆ ಈ ಊರು ನನ್ನದು ಅನ್ನಿಸಿದ್ದು ಈ ತಿಂಗಳುಗಳಿಂದ.

ನನ್ನ ಮೊದಲ ಗೆಳತಿ ಸಿಕ್ಕಿದ್ದು ಆಮೆಗಳಿಂದ. ಹೊನ್ನಾವರದ ಟೊಂಕದ ಮರಳಿನಲ್ಲಿ ಮೊಟ್ಟೆ ಇಡುವ ಆಲಿವ್ ರಿಡ್ಲೆ ಕಡಲಾಮೆಯೇ ಇಲ್ಲಿಗೂ ಬರುತ್ತದೆ. ಕಾಲ ಮಾತ್ರ ಬೇರೆ. ಇಲ್ಲಿ ಜುಲೈನಿಂದ ವರ್ಷದ ಕೊನೆಯವರೆಗೆ. ಒಂದು ಕಾಲದಲ್ಲಿ ಮೊಟ್ಟೆ, ಮಾಂಸ, ಚರ್ಮಕ್ಕಾಗಿ ಲೆಕ್ಕವಿಲ್ಲದಷ್ಟು ಕೊಂದರು. 1990ರಲ್ಲಿ ಮೆಕ್ಸಿಕೋ ಆಮೆ ಹಿಡಿಯುವುದನ್ನೇ ಪೂರ್ತಿ ನಿಷೇಧಿಸಿತು. ಈಗ ಬೀಚಿನ ಉದ್ದಕ್ಕೂ ಕಾವಲು ಶಿಬಿರಗಳಿವೆ. ರಾತ್ರಿ ನಡೆದು ಗೂಡು ಹುಡುಕುತ್ತಾರೆ, ಮೊಟ್ಟೆಗಳನ್ನು ಬೇಲಿ ಹಾಕಿದ ಜಾಗಕ್ಕೆ ಸಾಗಿಸುತ್ತಾರೆ. ಸುಮಾರು ಒಂದೂವರೆ ತಿಂಗಳಲ್ಲಿ ಮರಿ ಹೊರಬರುತ್ತವೆ, ಸಂಜೆ ಕಡಲಿಗೆ ಬಿಡುತ್ತಾರೆ. ಮರಿ ಬಿಡುವಾಗ ಫೋಟೋಕ್ಕೆ ಬರುವವರು ತುಂಬಾ ಜನ. ಮಧ್ಯರಾತ್ರಿ ನಡೆಯಲು ಬರುವವರು ಕಡಿಮೆ. ನಾನು ಹೋದೆ. ಹೋಟೆಲ್ ಲಾಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬಳು ನನ್ನ ಜೊತೆಗಿದ್ದಳು. ಕತ್ತಲಲ್ಲಿ ಗಂಟೆಗಟ್ಟಲೆ ನಡೆಯುವಾಗ ಭಾಷೆ ಎಷ್ಟು ತಪ್ಪಾದರೂ ಮಾತು ಹೊರಬರುತ್ತದೆ. ಅವಳ ಮೂಲಕ ಅವಳ ಅಕ್ಕ, ಅಕ್ಕನ ಮಕ್ಕಳು, ಬೀದಿಯ ಅರ್ಧ ಜನ ಪರಿಚಯವಾದರು.

ಆಮೇಲೆ ಅವಳು ನನ್ನನ್ನು ತಾಂದಾಕ್ಕೆ ಸೇರಿಸಿದಳು. ನಮ್ಮ ಚೀಟಿಯೇ ಅದು, ಹರಾಜು ಮಾತ್ರ ಇಲ್ಲ. ಎಲ್ಲರೂ ಸಂಬಳದ ದಿನ ಸಮಾನ ಹಣ ಹಾಕುತ್ತಾರೆ, ಸರದಿಯ ಪ್ರಕಾರ ಒಬ್ಬೊಬ್ಬರು ಪೂರ್ತಿ ಮೊತ್ತ ತೆಗೆದುಕೊಳ್ಳುತ್ತಾರೆ. ಕಾಗದ ಪತ್ರ ಏನೂ ಇಲ್ಲ. ಹಣ ಎತ್ತಿಕೊಂಡು ಮಾಯವಾಗುವ ಭಯ ಇರುವುದರಿಂದ ಹೊಸಬರಿಗೆ ಕೊನೆಯ ನಂಬರ್. ನನಗೂ ಕೊನೆಯದೇ ಬಂತು, ಅದು ನ್ಯಾಯವೇ. ಮುಂದಿನ ಸುತ್ತಿನಲ್ಲಿ ಅವರೇ ನನಗೆ ಮಧ್ಯದ ನಂಬರ್ ಕೊಟ್ಟಾಗ ಆದ ಖುಷಿಯನ್ನು ನಾನು ಮರೆತಿಲ್ಲ.

ಇಲ್ಲಿ ಸ್ನೇಹ ಬರೀ ಮಾತಿನಲ್ಲಿ ನಿಲ್ಲುವುದಿಲ್ಲ, ಜವಾಬ್ದಾರಿಯಾಗಿ ಹೆಗಲಿಗೆ ಬರುತ್ತದೆ. ಜನವರಿ 6ಕ್ಕೆ ಉಂಗುರದ ಆಕಾರದ ಸಿಹಿ ಬ್ರೆಡ್ ಕತ್ತರಿಸುತ್ತಾರೆ. ಒಳಗೆ ಪುಟ್ಟ ಗೊಂಬೆಗಳಿರುತ್ತವೆ. ಯಾರ ತುಂಡಿನಲ್ಲಿ ಗೊಂಬೆ ಬಂತೋ ಅವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲೆ ತಿನ್ನಿಸಬೇಕು. ಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು ಅದು. ಪಕ್ಕದ ಮನೆಯ ಅಜ್ಜಿ ಒಂದು ವರ್ಷ ನನಗೆಂದೇ ಬೇರೆ ಪಾತ್ರೆಯಲ್ಲಿ ಹಂದಿ ಕೊಬ್ಬಿನ ಬದಲು ಎಣ್ಣೆ ಹಾಕಿ, ಮೆಣಸಿನಕಾಯಿ ಮತ್ತು ಚೀಸ್ ತುಂಬಿ ಮಾಡಿದ್ದರು. ನಾನು ಕೇಳಿರಲಿಲ್ಲ. ಹುಡುಗಿಗೆ ಹದಿನೈದು ತುಂಬಿದಾಗ ಮದುವೆಯಷ್ಟೇ ದೊಡ್ಡ ಸಮಾರಂಭ ಮಾಡುತ್ತಾರೆ. ಕೇಕು ಒಬ್ಬರದು, ಚಪ್ಪಲಿ ಇನ್ನೊಬ್ಬರದು, ಹೀಗೆ ಖರ್ಚನ್ನು ಆಪ್ತರು ಹಂಚಿಕೊಳ್ಳುತ್ತಾರೆ. ನನ್ನ ಗೆಳತಿಯ ಮಗಳಿಗೆ ಕೇಕು ನನ್ನ ಪಾಲಿಗೆ ಬಂತು. ಅಂದಿನಿಂದ ನಾನು ಅವರಿಗೆ ಕೊಮಾದ್ರೆ, ಅಂದರೆ ಮಗಳಿಗೆ ಇನ್ನೊಬ್ಬ ತಾಯಿಯಂಥವಳು.

ಡಿಸೆಂಬರಿನಲ್ಲೂ ಒಂದು ಬಾಗಿಲು ತೆರೆದಿರುತ್ತದೆ. 1ರಿಂದ 12ರವರೆಗೆ ಗ್ವಾದಲೂಪೆ ಮಾತೆಯ (ಮೇರಿ ಮಾತೆಯ ಒಂದು ರೂಪ) ಚರ್ಚಿಗೆ ಪ್ರತಿ ಸಂಜೆ ಮೆರವಣಿಗೆ. ಒಂದೊಂದು ಹೋಟೆಲ್, ಅಂಗಡಿ, ಬೀದಿಯವರು ಬ್ಯಾನರ್ ಹಿಡಿದು, ಹಾಡುತ್ತಾ ಬರುತ್ತಾರೆ. ಮುಂದೆ ಗರಿ ಕಟ್ಟಿದ ಕುಣಿತದವರು. ಯಾರಾದರೂ ಜೊತೆಗೆ ನಡೆಯಲು ಕರೆದರೆ ಹೋಗಿ. ನಿಮ್ಮ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ.

ಕೆನಡಾದವರ ಸ್ನೇಹವೂ ಆಗುತ್ತದೆ, ಒಳ್ಳೆಯ ಜನ. ಪ್ರತಿ ನವೆಂಬರಿನಲ್ಲಿ ಬಂದು ಬಾಗಿಲು ತಟ್ಟುತ್ತಾರೆ, ಏಪ್ರಿಲ್‌ನಲ್ಲಿ ಹೊರಡುತ್ತಾರೆ. ಬೇರೆ ಬೇರೆ ಊರುಗಳಿಂದ ಬಂದ ನಿಮ್ಮಂಥ ಆನ್‌ಲೈನ್ ಕೆಲಸದವರು ಅದಕ್ಕಿಂತ ಬೇಗ ಹೊರಟುಬಿಡುತ್ತಾರೆ. ಅವರ ಜೊತೆಯೇ ಸುತ್ತಾಡಿದರೆ ವರ್ಷವಿಡೀ ಬರೀ ಬೀಳ್ಕೊಡುಗೆ ಪಾರ್ಟಿಗಳೇ ಆಗುತ್ತವೆ. ಆ ಒಂಟಿತನವನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನು ಕೆಲವು ವಿಷಯ. ಬರುತ್ತೇನೆ ಅಂದವರು ಬಾರದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುವುದು ಇಲ್ಲಿನವರಿಗೆ ಕಷ್ಟ. ಏಳಕ್ಕೆ ಪಾರ್ಟಿ ಅಂದರೆ ಒಂಬತ್ತಕ್ಕೆ ಜನ ಸೇರುತ್ತಾರೆ. ಹೊರಡುವಾಗ ಸುಮ್ನೆ ಎದ್ದು ಹೋಗಬೇಡಿ, ಒಬ್ಬೊಬ್ಬರಿಗೂ ಹೇಳಿ ಹೋಗಿ. ಚಂಡಮಾರುತದ ಎಚ್ಚರಿಕೆ ಬಂದರೆ ಅಕ್ಕಪಕ್ಕದವರು ಹೇಳಿದಂತೆ ಮಾಡಿ. 2021ರಲ್ಲಿ ನೋರಾ ಬಂದಾಗ ಕ್ವಾಲೆ ನದಿ ಉಕ್ಕಿ ಊರೊಳಗೆ ನುಗ್ಗಿತ್ತು. ನದಿ, ಹಳ್ಳದ ಪಕ್ಕ ಮನೆ ಹಿಡಿಯಬೇಡಿ. ವೀಸಾ ವಿಷಯ: ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋದ ವೀಸಾ ಇಲ್ಲದೆಯೇ ಬರಬಹುದು, ಆದರೆ ಹೆಚ್ಚೆಂದರೆ 180 ದಿನ. ಒಂದು ವರ್ಷಕ್ಕಾದರೆ ತಾತ್ಕಾಲಿಕ ನಿವಾಸದ ವೀಸಾ ಬೇಕು, ಅದನ್ನು ಊರು ಬಿಡುವ ಮೊದಲೇ ರಾಯಭಾರ ಕಚೇರಿಯಲ್ಲಿ ಮಾಡಿಸಿಕೊಳ್ಳಿ.

ನಿಮ್ಮ ವರ್ಷವನ್ನು ಜನವರಿಯಿಂದ ಲೆಕ್ಕ ಹಾಕಬೇಡಿ. ಆಗಸ್ಟ್‌ನಲ್ಲಿ ಬನ್ನಿ. ಬಾಡಿಗೆ ಮಾತಾಡಲು ಅದೇ ಒಳ್ಳೆಯ ಕಾಲ, ಆಮೆ ಶಿಬಿರಗಳಿಗೆ ಕೈ ಬೇಕಾಗಿರುವುದೂ ಆಗಲೇ. ಎರಡು ತಿಂಗಳು ಸೆಖೆ ತಡೆದುಕೊಂಡರೆ ಸೀಸನ್ ಶುರುವಾಗುವಷ್ಟರಲ್ಲಿ ಬೀದಿಯಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಇರುತ್ತಾರೆ. ಯಾವ ಭಾಗದಲ್ಲಿ ಮನೆ ನೋಡುತ್ತಿದ್ದೀರಿ ಅಂತ ಬರೆಯಿರಿ, ಆ ಬೀದಿ ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ಇಲ್ಲಿನವರನ್ನು ವಿಚಾರಿಸಿ ಹೇಳುತ್ತೇನೆ.